ಜಪಾನಿ ಅಕ್ಷರಕ್ಕೂ ಒಂದು ‘ರ ಗ ಸ ದ ಅ’

ಈ ನೋಟ್‌ಬುಕ್ ನೋಡಿ. ಹಿಂದೆ ಕೂತವರಿಗೆ ಕಾಣದಿದ್ದರೆ ಆಮೇಲೆ ಕೈಗೇ ಕೊಡುತ್ತೇನೆ. ನಾನು ಜಪಾನಿ ಅಕ್ಷರ ಕಲಿಯಲು ಶುರು ಮಾಡಿದಾಗ ಬರೆದದ್ದು ಇದು. ಮೊದಲ ಪುಟದ ತುಂಬ ಒಂದೇ ಅಕ್ಷರ, ಅವರ ‘ಅ’. ಮೇಲಿನ ಸಾಲು ಮುದ್ದಾಗಿದೆ. ಎರಡನೇ ಸಾಲು ಪರವಾಗಿಲ್ಲ. ಕೆಳಗೆ ಬರ್ತಾ ಬರ್ತಾ ಅಕ್ಷರದ ಹೊಟ್ಟೆ ಊದಿಕೊಂಡಿದೆ, ಬಾಲ ಮುರಿದಿದೆ. ಕೊನೆಯ ಸಾಲಿನಲ್ಲಿರುವುದು ಯಾವ ಭಾಷೆಯದ್ದು ಅಂತ ನನಗೇ ಗೊತ್ತಾಗುವುದಿಲ್ಲ.

ಯಾಕೆ ಹೀಗಾಯ್ತು ಅಂದ್ರೆ, ಮೊದಲ ಸಾಲನ್ನು ಮಾತ್ರ ನಾನು ಪುಸ್ತಕ ನೋಡಿ ಬರೆದಿದ್ದೆ. ಎರಡನೆಯದನ್ನು ನನ್ನದೇ ಮೊದಲ ಸಾಲು ನೋಡಿ ಬರೆದೆ. ಮೂರನೆಯದನ್ನು ಎರಡನೆಯದು ನೋಡಿ. ಊರಿನ ಸುದ್ದಿ ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಹೋಗ್ತಾ ಬೆಳೆಯುತ್ತದಲ್ಲ, ಹಾಗೆ. ಶಾಲೆಯಲ್ಲಿ ಕಾಪಿ ರೈಟಿಂಗ್ ಬರೆದವರಿಗೆಲ್ಲ ಇದು ಗೊತ್ತಿರುವ ಕಥೆಯೇ.

ಅದಕ್ಕಿಂತ ಬೇಜಾರಿನ ವಿಷಯ ಮಾರನೇ ದಿನದ್ದು. ಬಸ್ಸಿನಲ್ಲಿ ಸುಮ್ನೆ ಕೂತಿದ್ದೆ, ಟಿಕೆಟಿನ ಹಿಂಬದಿ ಒಂದು ‘ಅ’ ಬರೆಯೋಣ ಅಂತ ಪೆನ್ನು ತೆಗೆದೆ. ಬರಲಿಲ್ಲ. ಹಿಂದಿನ ರಾತ್ರಿಯಷ್ಟೇ ಪುಟ ತುಂಬ ಬರೆದ ಅಕ್ಷರ, ಎಲ್ಲಿಂದ ಶುರು ಅನ್ನುವುದೇ ಮರೆತುಹೋಗಿತ್ತು. ಇವತ್ತು ನಾನು ಹೇಳಲು ಬಂದಿರುವುದೆಲ್ಲ ಆ ಟಿಕೆಟಿಗೆ ಸಂಬಂಧಪಟ್ಟದ್ದು.

ಮೊದಲು ನಮ್ಮ ಮುಂದೆ ಎಷ್ಟು ಕೆಲಸ ಇದೆ ನೋಡೋಣ. ಜಪಾನಿ ಬರಹದಲ್ಲಿ ಮೂರು ಬಗೆ ಬೆರೆತಿರುತ್ತವೆ. ಹಿರಗನ, ಕತಕನ, ಮತ್ತು ಚೀನಾದಿಂದ ಬಂದ, ಒಂದೊಂದಕ್ಕೂ ಒಂದು ಅರ್ಥ ಇರುವ ಕಂಜಿ. ಇಂಗ್ಲಿಷಿನಿಂದ ಓದಿಕೊಂಡವರು ‘ಹಿರಾಗಾನಾ’ ಅಂತ ಎಳೆಯುತ್ತಾರೆ, ಎಳೆಯಬೇಡಿ, ನಾಲ್ಕೂ ಹ್ರಸ್ವ. ಕಂಜಿ ಸಾವಿರಗಟ್ಟಲೆ ಇವೆ, ಅದರ ಗೊಡವೆ ಇವತ್ತು ಬೇಡ. ಹಿರಗನ 46, ಕತಕನ 46. ಎರಡರ ಉಚ್ಚಾರಣೆ ಒಂದೇ, ಆಕಾರ ಬೇರೆ. ಹಿರಗನ ಅವರದೇ ಪದಗಳಿಗೆ, ಪ್ರತ್ಯಯಗಳಿಗೆ. ಕತಕನ ಹೆಚ್ಚಾಗಿ ಹೊರಗಿನಿಂದ ಬಂದ ಪದಗಳಿಗೆ, ಹೊರಗಿನವರ ಹೆಸರುಗಳಿಗೆ. ಅಂದ್ರೆ ನಮ್ಮ ನಿಮ್ಮ ಹೆಸರೆಲ್ಲ ಕತಕನದಲ್ಲೇ.

ಜಪಾನಿ ಮಕ್ಕಳು ಅಕ್ಷರಮಾಲೆಯ ಸಾಲುಗಳನ್ನು ಹೇಗೆ ಬಾಯಿಪಾಠ ಮಾಡ್ತಾರೆ ಕೇಳಿ. ಅ, ಕ, ಸ, ತ, ನ, ಹ, ಮ, ಯ, ರ, ವ. ಸ್ವರಗಳು ಅ, ಇ, ಉ, ಎ, ಒ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಕವರ್ಗ, ಚವರ್ಗ, ತವರ್ಗ, ಪವರ್ಗ, ಆಮೇಲೆ ಯ ರ ಲ ವ. ಇದು ಆಕಸ್ಮಿಕ ಅಲ್ಲ. ಬೌದ್ಧ ಭಿಕ್ಷುಗಳ ಜೊತೆ ಸಂಸ್ಕೃತದ ಅಕ್ಷರಪಾಠ ಚೀನಾ ದಾಟಿ ಜಪಾನಿಗೆ ಹೋಯಿತು. 736ರಲ್ಲಿ ಬೋಧಿಸೇನ ಅನ್ನುವ ಭಾರತದ ಭಿಕ್ಷು ಅಲ್ಲಿಗೆ ಹೋದರು. 752ರಲ್ಲಿ ನಾರಾ ನಗರದ ತೋದಾಯ್‌ಜಿ ದೇವಾಲಯದ ದೊಡ್ಡ ಬುದ್ಧನಿಗೆ ಕಣ್ಣು ಬರೆದವರು ಅವರೇ. 804ರಲ್ಲಿ ಕೂಕಾಯ್ ಅನ್ನುವ ಜಪಾನಿ ಭಿಕ್ಷು ಚೀನಾಕ್ಕೆ ಹೋಗಿ, ಸಂಸ್ಕೃತ ಬರೆಯುವ ಸಿದ್ಧಂ ಲಿಪಿ ಕಲಿತು 806ರಲ್ಲಿ ವಾಪಸ್ ಬಂದರು. ‘ಸಿದ್ಧಂ’ ಜಪಾನಿ ಬಾಯಲ್ಲಿ ‘ಶಿತ್ತನ್’ ಆಯಿತು. ಈಗಲೂ ಅಲ್ಲಿನ ಸ್ಮಶಾನಗಳಲ್ಲಿ ಸಮಾಧಿಯ ಹಿಂದೆ ನಿಲ್ಲಿಸುವ ಮರದ ಪಟ್ಟಿಗಳ ಮೇಲೆ ಆ ಲಿಪಿ ಕಾಣುತ್ತದೆ. ಹೀಗೆ ಸಂಸ್ಕೃತ ಓದಿದವರೇ ತಮ್ಮ ಅಕ್ಷರಗಳನ್ನೂ ನಮ್ಮ ಕ್ರಮದಲ್ಲಿ ಜೋಡಿಸಿಟ್ಟರು. ಹಾಗಾಗಿ ಜಪಾನಿ ನಿಘಂಟಿನಲ್ಲಿ ಪದ ಹುಡುಕಲು ಕನ್ನಡದವರಿಗೆ ಹೊಸದಾಗಿ ಏನೂ ಕಲಿಯಬೇಕಾಗಿಲ್ಲ.

ಇಷ್ಟು ಕೇಳಿ ಖುಷಿಯಾಗಿರುತ್ತದೆ. ಈಗ ಕೆಟ್ಟ ಸುದ್ದಿ. ಅವರಿಗೆ ಕಾಗುಣಿತ ಇಲ್ಲ. ನಾವು ‘ಕ’ ಒಂದು ಕಲಿತರೆ ಗುಡಿಸು, ಕೊಂಬು, ಏತ್ವ ಹಾಕಿಕೊಂಡು ಕಿ, ಕು, ಕೆ ಮಾಡಿಕೊಳ್ಳುತ್ತೇವೆ. ಅವರ ಕ, ಕಿ, ಕು, ಕೆ, ಕೊ ಐದೂ ಬೇರೆ ಬೇರೆ ಮನೆಯವು, ಒಂದರ ಮುಖ ಇನ್ನೊಂದಕ್ಕಿಲ್ಲ. ಉಚ್ಚಾರಣೆಯಲ್ಲಿ ಅಣ್ಣತಮ್ಮಂದಿರು, ಆಕಾರದಲ್ಲಿ ಅಪರಿಚಿತರು. ಹೀಗಿರುವಾಗ ಅ ಇ ಉ ಎ ಒ, ಕ ಕಿ ಕು ಕೆ ಕೊ ಅಂತ ವರ್ಣಮಾಲೆಯ ಕ್ರಮದಲ್ಲೇ ಬರೆಯಲು ಕೂತರೆ ಕೈಗೆ ಏನೂ ಲಾಭ ಇಲ್ಲ.

ಇಲ್ಲಿ ಯಾರಾದರೂ ಸರಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಪಾಠ ಮಾಡಿದವರು ಇದ್ದೀರಾ? ಇದ್ದೀರಿ. ಮೊದಲು ಯಾವ ಅಕ್ಷರ ಕಲಿಸ್ತೀರಿ, ಮೇಡಂ? ‘ರ ಗ ಸ ದ ಅ.’ ಸರಿಯಾಗಿ ಹೇಳಿದಿರಿ. ಅ ಆ ಇ ಈ ಅಲ್ಲ. ಮಗುವಿನ ಕೈಗೆ ಯಾವುದು ಸುಲಭವೋ ಅದು ಮೊದಲು. ಐದು ಅಕ್ಷರ ಬಂದ ಕೂಡಲೇ ಮಗು ಸರ, ಅರಸ, ಅಗಸ, ಗರಗಸ ಬರೆಯುತ್ತದೆ. ಆಮೇಲೆ ‘ಜ ವ ಮ ಬ ನ’. ವರ್ಣಮಾಲೆಯ ಹಾಡು ಬಾಯಿಗೆ, ‘ರ ಗ ಸ ದ ಅ’ ಕೈಗೆ. ನಾನು ಜಪಾನಿ ಅಕ್ಷರದಲ್ಲಿ ತಿಂಗಳುಗಟ್ಟಲೆ ಒದ್ದಾಡಿದ ಮೇಲೆ ಒಂದು ದಿನ ಅಕ್ಕನ ಮೊಮ್ಮಗನ ಪುಸ್ತಕದಲ್ಲಿ ಇದನ್ನು ನೋಡಿದೆ. ಅಯ್ಯೋ, ಇದು ಮೊದಲೇ ಯಾಕೆ ಹೊಳೆಯಲಿಲ್ಲ ಅನ್ನಿಸಿತು.

ಹಾಗಾದರೆ ಹಿರಗನದ ‘ರ ಗ ಸ ದ ಅ’ ಯಾವುದು? ನನ್ನ ಲೆಕ್ಕ ಹೀಗಿದೆ. 46ರಲ್ಲಿ 11 ಅಕ್ಷರಗಳನ್ನು ಪೆನ್ನು ಎತ್ತದೆ ಒಂದೇ ಗೆರೆಯಲ್ಲಿ ಬರೆಯಬಹುದು. ಕು, ಶಿ, ಸೊ, ತ್ಸು, ತೆ, ನೊ, ಹಿ, ಹೆ, ರು, ರೊ, ಮತ್ತು ಕೊನೆಯ ‘ನ್’. ಬೋರ್ಡಿನ ಮೇಲೆ ಬರೆದಿದ್ದೇನೆ ನೋಡಿ. ‘ಶಿ’ ಮೀನಿನ ಗಾಳ. ‘ಹೆ’ ಒಂದು ಗುಡ್ಡ, ಎಡಗಡೆ ಏರು ಚಿಕ್ಕದು, ಬಲಗಡೆ ಇಳಿಜಾರು ಉದ್ದ. ‘ಕು’ ಹಕ್ಕಿಯ ತೆರೆದ ಕೊಕ್ಕು. ‘ರೊ’ ನೋಡಿದರೆ ಇಂಗ್ಲಿಷಿನ 3 ನೆನಪಾಗುತ್ತದೆ, ‘ರು’ ಅದೇ 3ರ ಬಾಲಕ್ಕೆ ಒಂದು ಸುರುಳಿ. ಈ ಹನ್ನೊಂದರಲ್ಲೇ ಎಷ್ಟು ಪದ ಆಗುತ್ತದೆ ಅಂದ್ರೆ, ‘ಕುತ್ಸು’ ಅಂದರೆ ಬೂಟು, ‘ಶಿರೊ’ ಬಿಳಿ, ‘ಕುರೊ’ ಕಪ್ಪು, ‘ಹಿರು’ ಮಧ್ಯಾಹ್ನ, ‘ಕುಶಿ’ ಬಾಚಣಿಗೆ, ‘ನೊರು’ ಹತ್ತು, ಬಸ್ ಹತ್ತುವ ಹತ್ತು, ‘ತ್ಸುಕುರು’ ಮಾಡು. ‘ಹೆಸೊ’ ಅಂದರೆ ಹೊಕ್ಕುಳು. ಮೊದಲ ದಿನವೇ ಹೊಕ್ಕುಳು ಬರೆಯಲು ಬಂದರೆ ಮನೆಯಲ್ಲಿ ಮಕ್ಕಳಿಗೂ ಆಸಕ್ತಿ ಬರುತ್ತದೆ, ನಾನು ನೋಡಿದ್ದೇನೆ.

ಇನ್ನು ಕೈ. ನಮ್ಮ ಕೈ ದುಂಡಗೆ ಸುತ್ತಿ ಅಭ್ಯಾಸ. ಓಲೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆಯುವಾಗ ನೇರ ಗೆರೆ ಗರಿಯನ್ನು ಸೀಳುತ್ತಿತ್ತು, ಅದಕ್ಕೇ ಕನ್ನಡ, ತೆಲುಗು ಅಕ್ಷರ ದುಂಡಗಾದವು ಅಂತ ಹೇಳುವುದುಂಟು. ಜಪಾನಿ ಅಕ್ಷರ ಹುಟ್ಟಿದ್ದು ಕುಂಚದಲ್ಲಿ. ಕುಂಚ ಒತ್ತಿದರೆ ದಪ್ಪ, ಎತ್ತಿದರೆ ಸಪೂರ. ಹಾಗಾಗಿ ಅಲ್ಲಿ ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದರ ಜೊತೆಗೆ ಹೇಗೆ ಮುಗಿಯುತ್ತದೆ ಅನ್ನುವುದೂ ಮುಖ್ಯ. ಮುಗಿಸುವುದು ಮೂರು ಬಗೆ. ‘ತೊಮೆ’ ಅಂದರೆ ಗಕ್ಕನೆ ನಿಲ್ಲಿಸುವುದು. ‘ಹನೆ’ ಅಂದರೆ ಕೊನೆಯಲ್ಲಿ ಸಣ್ಣಗೆ ಚಿಮ್ಮಿಸುವುದು. ‘ಹರಾಯ್’ ಅಂದರೆ ಪೆನ್ನು ಚಲಿಸುತ್ತಿರುವಾಗಲೇ ನಿಧಾನವಾಗಿ ಎತ್ತಿಬಿಡುವುದು, ರಂಗೋಲಿ ಎಳೆಯ ತುದಿಯನ್ನು ಸಣ್ಣಗೆ ಬಿಡ್ತಾರಲ್ಲ ಹಾಗೆ. ಬಾಲ್ ಪೆನ್ನಿನಲ್ಲಿ ಈ ಮೂರೂ ಒಂದೇ ತರಹ ಕಾಣುತ್ತವೆ. ಅದಕ್ಕೆ ಶುರುವಿನಲ್ಲಿ ಬಾಲ್ ಪೆನ್ನು ಬೇಡ, ಪೆನ್ಸಿಲ್ ಹಿಡಿಯಿರಿ. ಜಪಾನಿನಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಸಾಮಾನ್ಯವಾಗಿ ಮೆತ್ತನೆಯ 2ಬಿ ಪೆನ್ಸಿಲ್ ತರಲು ಹೇಳ್ತಾರೆ. ನಮ್ಮ ಅಂಗಡಿಗಳಲ್ಲೂ ಚಿತ್ರ ಬರೆಯುವವರಿಗೆ ಅಂತ ಸಿಗುತ್ತದೆ.

ಪುಸ್ತಕ ಯಾವುದು ಅಂತ ಎಲ್ಲರೂ ಕೇಳ್ತಾರೆ. ಅಲ್ಲಿನ ಮಕ್ಕಳ ಪುಸ್ತಕದಲ್ಲಿ ದೊಡ್ಡ ಚೌಕಗಳಿರುತ್ತವೆ, ಪ್ರತಿ ಚೌಕದಲ್ಲೂ ಚುಕ್ಕೆ ಗೆರೆಯ ಒಂದು ಕೂಡಿಸುವ ಚಿಹ್ನೆ. ಅಂದರೆ ಒಂದು ಅಕ್ಷರದ ಮನೆಗೆ ನಾಲ್ಕು ಕೋಣೆ. ಗೆರೆ ಯಾವ ಕೋಣೆಯಲ್ಲಿ ಹುಟ್ಟಿ ಯಾವುದರಲ್ಲಿ ಮುಗಿಯಿತು ಅಂತ ನೋಡಿಕೊಳ್ಳಲು ಅದು. ಇಲ್ಲಿ ಅದನ್ನು ಹುಡುಕಿಕೊಂಡು ಅಲೆಯಬೇಡಿ. ಮಕ್ಕಳ ಗಣಿತದ ಚೌಕದ ಪುಸ್ತಕ ತಗೊಳ್ಳಿ, ನಾಲ್ಕು ಚೌಕ ಸೇರಿಸಿ ಒಂದು ಮನೆ ಅಂದುಕೊಳ್ಳಿ. ಮುಗೀತು.

ಈಗ ಒಂದು ಕುಟುಂಬವನ್ನು ಹತ್ತಿರದಿಂದ ನೋಡೋಣ. ‘ನೊ’ ಬರೆಯುತ್ತೇನೆ. ಮನೆಯ ನಡುವಿನಲ್ಲಿ ಸ್ವಲ್ಪ ಮೇಲೆ ಶುರು. ಎಡಕ್ಕೆ ಓರೆಯಾಗಿ ಇಳಿದು, ಸುತ್ತಿಕೊಂಡು ಮೇಲೆ ಹೋಗಿ, ಬಲಗಡೆಯಿಂದ ದೊಡ್ಡದಾಗಿ ಬಳಸಿ ಕೆಳಗೆ ಬಂದು, ಹರಾಯ್. ಅಷ್ಟೇ. ಈ ಸುತ್ತು ಕೈಗೆ ಬಂತಾ? ಅದಕ್ಕೆ ಮೊದಲು ಎಡಗಡೆ ಒಂದು ಓರೆ ಗೆರೆ ಹಾಕಿ, ಆಮೇಲೆ ಅದನ್ನು ದಾಟಿಕೊಂಡು ಅದೇ ಸುತ್ತು ಬರೆದರೆ ‘ಮೆ’. ‘ಮೆ’ ಅಂದರೆ ಕಣ್ಣು. ‘ಮೆ’ಯನ್ನು ಹರಾಯ್ ಮಾಡಿ ಬಿಡದೆ, ಕೊನೆಯಲ್ಲಿ ಒಂದು ಪುಟ್ಟ ಗಂಟು ಹಾಕಿದರೆ ‘ನು’. ಇನ್ನು ನನ್ನ ನೋಟ್‌ಬುಕ್ಕಿನ ‘ಅ’. ಮೇಲೆ ಒಂದು ಅಡ್ಡ ಗೆರೆ, ತೊಮೆ. ಅದನ್ನು ದಾಟಿ ಇಳಿಯುವ ಉದ್ದ ಗೆರೆ, ತೊಮೆ. ಮೂರನೆಯದು ಅದೇ ನಮ್ಮ ಸುತ್ತು. ಮೊದಲ ದಿನವೇ ‘ಅ’ ಹಿಡಿದು ಕೂತಿದ್ದರಿಂದಲೇ ನಾನು ಸೋತದ್ದು. ‘ನೊ’ ಬಂದವರಿಗೆ ‘ಅ’ದಲ್ಲಿ ಹೊಸದಾಗಿ ಇರುವುದು ಎರಡು ಗೆರೆ ಮಾತ್ರ.

ಇವು ಒಂದೇ ತರಹ ಯಾಕಿವೆ ಗೊತ್ತಾ? ಹಿರಗನ ಅಂದರೆ ಕಂಜಿಯನ್ನು ಬೇಗ ಬೇಗ ಬರೆಯುತ್ತಾ ಸವೆದ ಆಕಾರ. ‘ಮೆ’ ಬಂದದ್ದು ಹೆಣ್ಣು ಅನ್ನುವ ಕಂಜಿಯಿಂದ. ‘ಅ’ ಬಂದದ್ದು ನೆಮ್ಮದಿ ಅನ್ನುವ ಕಂಜಿಯಿಂದ, ಅದರಲ್ಲಿ ಮೇಲೊಂದು ಸೂರು, ಕೆಳಗೆ ಅದೇ ಹೆಣ್ಣು. ‘ನು’ ಬಂದದ್ದು ಆಳು ಅನ್ನುವ ಕಂಜಿಯಿಂದ, ಅದರ ಎಡಭಾಗದಲ್ಲೂ ಅದೇ ಹೆಣ್ಣು, ಬಲಭಾಗ ಸವೆದು ಬಾಲದ ಗಂಟಾಯಿತು. ಮೂರೂ ಒಂದೇ ತಾಯಿಯವು. ‘ನೊ’ ಮಾತ್ರ ಬೇರೆ ಮನೆಯಿಂದ ಬಂದದ್ದು, ನೋಡಲು ಹೋಲುತ್ತದೆ ಅಷ್ಟೆ. ಇನ್ನೊಂದು ಮಾತು. ಹಳೆಯ ಕಾಲದಲ್ಲಿ ಹಿರಗನವನ್ನು ‘ಒನ್ನದೆ’ ಅನ್ನುತ್ತಿದ್ದರು, ಹೆಂಗಸರ ಕೈಬರಹ ಅಂತ. ಗಂಡಸರು ಆಡಳಿತಕ್ಕೆ, ಓದಿಗೆ ಚೀನೀ ಬರಹ ಹಿಡಿದುಕೊಂಡಿದ್ದಾಗ ಅರಮನೆಯ ಹೆಂಗಸರು ಇದರಲ್ಲಿ ಪತ್ರ, ಪದ್ಯ, ಕಥೆ ಬರೆದರು. ಆಮೇಲೆ ಎಲ್ಲರೂ ಬರೆಯುವುದು ಇದರಲ್ಲೇ ಆಯಿತು. ಒಂದು ಉಚ್ಚಾರಣೆಗೆ ನಾಲ್ಕೈದು ಆಕಾರ ಇದ್ದ ಕಾಲವೂ ಇತ್ತು. 1900ರಲ್ಲಿ ಸರಕಾರ ಶಾಲೆಗಳಿಗೆ ಒಂದಕ್ಕೆ ಒಂದೇ ಆಕಾರ ಅಂತ ಗೊತ್ತು ಮಾಡಿತು. ಅದಕ್ಕೆ ಮೊದಲು ಕಲಿಯಬೇಕಾಗಿ ಬಂದವರನ್ನು ನೆನೆಸಿಕೊಂಡರೆ ನಮ್ಮ ಕಷ್ಟ ಏನೂ ಅಲ್ಲ.

ಈ ಕುಟುಂಬಕ್ಕೆ ನಾನು ಕೊಡುವ ಅಭ್ಯಾಸ ಒಂದೇ. ‘ಇನು ನೊ ಮೆ.’ ನಾಯಿಯ ಕಣ್ಣು. ಅದರಲ್ಲಿ ನು, ನೊ, ಮೆ ಮೂರೂ ಇವೆ, ಜೊತೆಗೆ ಎರಡು ಪುಟ್ಟ ಗೆರೆಯ ‘ಇ’. ‘ನು’ಗಳ ಒಂದು ಪುಟ, ‘ಮೆ’ಗಳ ಒಂದು ಪುಟ ಬರೆದರೆ ಎರಡರ ವ್ಯತ್ಯಾಸ ಕೈಗೆ ಗೊತ್ತೇ ಆಗುವುದಿಲ್ಲ. ಒಂದೇ ಸಾಲಿನಲ್ಲಿ ಪಕ್ಕಪಕ್ಕ ಬಂದಾಗ ಮಾತ್ರ ಇಲ್ಲಿ ಗಂಟು, ಅಲ್ಲಿ ಗಂಟಿಲ್ಲ ಅಂತ ಕೈ ಎಚ್ಚರ ಆಗುತ್ತದೆ. ಹೀಗೆ ಗೊಂದಲದ ಜೋಡಿಗಳನ್ನೆಲ್ಲ ಒಂದೇ ಪದದಲ್ಲಿ ಕಟ್ಟಿಹಾಕಬಹುದು. ‘ಅ’ ಮತ್ತು ‘ಒ’ ಅದಲುಬದಲಾಗುತ್ತವೆಯಾ? ‘ಅಒ’ ಬರೆಯಿರಿ, ನೀಲಿ ಅಂತ ಅರ್ಥ. ‘ಚಿ’ ಮತ್ತು ‘ಸ’ ಕನ್ನಡಿಯಲ್ಲಿ ನೋಡಿದ ಹಾಗಿವೆಯಾ? ‘ಚಿಇಸಇ’ ಬರೆಯಿರಿ, ಚಿಕ್ಕದು ಅಂತ. ಹಾಗೇ ‘ಸ’ ಮತ್ತು ‘ಕಿ’ ಬಗ್ಗೆ ಒಂದು ಎಚ್ಚರಿಕೆ. ಅಚ್ಚಿನಲ್ಲಿ ಅವುಗಳ ಕೆಳಗಿನ ಕೊಂಡಿ ಓರೆ ಗೆರೆಗೆ ಅಂಟಿಕೊಂಡಿರುತ್ತದೆ, ಕೈಬರಹದಲ್ಲಿ ಬಿಡಿಯಾಗಿರುತ್ತದೆ. ಎರಡೂ ಸರಿ. ಮೊಬೈಲ್ ನೋಡಿ ಕಲಿತವರು ಅಂಟಿಸಿಯೇ ಬರೆಯುತ್ತಾರೆ, ತಪ್ಪೇನಲ್ಲ, ಆದರೆ ಬಿಡಿಸಿ ಬರೆದರೆ ಚೆಂದ.

ಈಗ ಟಿಕೆಟಿನ ವಿಷಯಕ್ಕೆ ಬರ್ತೀನಿ. ನೋಡಿಕೊಂಡು ಬರೆಯುವಾಗ ಕೆಲಸ ಮಾಡುವುದು ಕಣ್ಣು. ನೋಡದೆ ಬರೆಯುವಾಗ ಮಾತ್ರ ನೆನಪು ಕೆಲಸ ಮಾಡುತ್ತದೆ. ಹಾಗಾಗಿ ನಾನು ಮಾಡಿದ್ದು ಇಷ್ಟು. ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಗಡೆ ಐದು ಪದ ನೋಡಿಕೊಂಡು ಒಂದೊಂದು ಸಲ ಮಾತ್ರ ಬರೆಯುತ್ತಿದ್ದೆ. ಹಾಳೆ ತಿರುಗಿಸಿ ಇಟ್ಟು, ಎದ್ದು ಹೋಗಿ ಕುಕ್ಕರ್ ಇಡುತ್ತಿದ್ದೆ. ಎರಡು ಸೀಟಿ ಆದ ಮೇಲೆ ಬಂದು ಬಲಗಡೆ ಅದೇ ಐದು ಪದ, ಈಗ ನೋಡದೆ. ಬರದಿದ್ದರೆ ಅರ್ಧ ನಿಮಿಷ ಸುಮ್ನೆ ಕೂತು ಒದ್ದಾಡಬೇಕು. ತಕ್ಷಣ ತಿರುಗಿಸಿ ನೋಡಬಾರದು. ಆ ಒದ್ದಾಟದಲ್ಲೇ ಅಕ್ಷರ ಒಳಗೆ ಇಳಿಯುವುದು. ತಪ್ಪಿದ್ದನ್ನು ಮಾತ್ರ ಮಾರನೇ ದಿನದ ಐದಕ್ಕೆ ಸೇರಿಸುವುದು, ಬಂದದ್ದನ್ನು ಮೂರು ದಿನ ಬಿಟ್ಟು ಮತ್ತೆ ಕೇಳುವುದು. ವಾರಕ್ಕೊಂದು ಸಲ ಪದಗಳನ್ನು ನನ್ನದೇ ದನಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು ಡಿಕ್ಟೇಷನ್ ತಗೊಳ್ಳುತ್ತಿದ್ದೆ. ನಮ್ಮ ಮನೆಯವರು, ‘ಏನ್ರೀ, ನಿಮಗೆ ನೀವೇ ಉಕ್ತಲೇಖನ ಕೊಟ್ಕೊತೀರಾ’ ಅಂತ ನಗುತ್ತಿದ್ದರು. ದಿನಕ್ಕೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಕೂರಲಿಲ್ಲ. ಮೂರು ವಾರದಲ್ಲಿ ಹಿರಗನ ಮುಗಿಯಿತು. ನೋಟ್‌ಬುಕ್ ತುಂಬಿಸಿದ ತಿಂಗಳುಗಳಲ್ಲಿ ಆಗದ್ದು.

ಕನ್ನಡದಲ್ಲಿ ಉಚ್ಚಾರಣೆ ಬರೆದಿಟ್ಟುಕೊಳ್ಳಬಹುದಾ ಅಂತ ಯಾವಾಗಲೂ ಒಬ್ಬರು ಕೇಳ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವುದಕ್ಕಿಂತ ಸಾವಿರ ಪಾಲು ಮೇಲು. ಅವರಿಗೆ ಎ ಏ, ಒ ಓ ವ್ಯತ್ಯಾಸ ಇದೆ, ನಮಗೂ ಇದೆ, ಹಿಂದಿಯವರಿಗೆ ಇಲ್ಲ. ಆದರೆ ಅಕ್ಷರದ ತಲೆಯ ಮೇಲೆ ಬರೆದರೆ ಕಣ್ಣು ಕನ್ನಡವನ್ನೇ ಓದುತ್ತದೆ, ಅದು ಅದರ ತಪ್ಪಲ್ಲ. ಪುಟದ ಹಿಂದೆ ಬರೆದಿಟ್ಟುಕೊಳ್ಳಿ. ಮೊಬೈಲ್ ಆ್ಯಪ್‌ಗಳ ಬಗ್ಗೆಯೂ ಅಷ್ಟೇ. ನಾಲ್ಕರಲ್ಲಿ ಸರಿಯಾದದ್ದನ್ನು ಒತ್ತು ಅನ್ನುವುದು ಗುರುತು ಹಿಡಿಯುವುದಕ್ಕೆ ಒಳ್ಳೆಯದು, ಬರೆಯಲು ಅದರಿಂದ ಬರುವುದಿಲ್ಲ. ಆಗ ಇನ್ನೊಬ್ಬರು, ‘ಸಾರ್, ಜಪಾನಿ ಭಾಷೆಯ ಮೊದಲ ಹಂತದ ಎನ್5 ಪರೀಕ್ಷೆಯಲ್ಲಿ ಬರೆಯೋದೇ ಇಲ್ವಲ್ಲ’ ಅಂತಾರೆ. ನಿಜ. ಜುಲೈ, ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲೂ ನಡೆಯುವ ಆ ಪರೀಕ್ಷೆಯಲ್ಲಿ ಎಲ್ಲವೂ ಸರಿಯುತ್ತರ ಗುರುತಿಸುವ ಪ್ರಶ್ನೆಗಳೇ. ಆದರೆ ಕೈಯಲ್ಲಿ ಬರೆದವರು ‘ನು’ ಮತ್ತು ‘ಮೆ’ಯನ್ನು ದೂರದಿಂದಲೇ ಬೇರೆ ಮಾಡ್ತಾರೆ, ಬರೆಯದವರು ಹತ್ತಿರ ತಂದು ನೋಡ್ತಾರೆ. ಪರೀಕ್ಷೆಯಲ್ಲಿ ಹತ್ತಿರ ತಂದು ನೋಡಲು ಟೈಮ್ ಇರುವುದಿಲ್ಲ.

ಸ್ವಲ್ಪ ದಾರಿ ತಪ್ಪಿ ಒಂದು ವಿಷಯ ಹೇಳಲೇಬೇಕು, ಇದು ನನಗೆ ತುಂಬಾ ಇಷ್ಟದ್ದು. ಜಪಾನಿ ಅಕ್ಷರಕ್ಕೆ ಬಲಗಡೆ ಮೇಲೆ ಎರಡು ಪುಟ್ಟ ಗೀಟು ಹಾಕಿದರೆ ‘ಕ’ ‘ಗ’ ಆಗುತ್ತದೆ, ‘ತ’ ‘ದ’ ಆಗುತ್ತದೆ. ಇದು ಸಲೀಸು. ಆದರೆ ‘ಹ’ಕ್ಕೆ ಎರಡು ಗೀಟು ಹಾಕಿದರೆ ‘ಬ’. ‘ಹ’ಕ್ಕೆ ಒಂದು ಪುಟ್ಟ ಸೊನ್ನೆ ಹಾಕಿದರೆ ‘ಪ’. ಬೇರೆಯವರಿಗೆ ಇದು ವಿಚಿತ್ರ. ಹ ಎಲ್ಲಿ, ಪ ಎಲ್ಲಿ? ಕನ್ನಡದವರು ಕೇಳಬಾರದ ಪ್ರಶ್ನೆ ಇದು. ನಮ್ಮ ಹಾಲು ಮೊದಲು ಪಾಲು ಆಗಿತ್ತು, ಹುಲಿ ಪುಲಿ ಆಗಿತ್ತು, ಹೂ ಪೂ ಆಗಿತ್ತು. ಅವರಲ್ಲೂ ಹಾಗೇ, ಈಗಿನ ‘ಹ’ ಒಂದು ಕಾಲಕ್ಕೆ ‘ಪ’ ಆಗಿತ್ತು. ಅದಕ್ಕೇ ಆ ಸಾಲು ನಮ್ಮ ಪವರ್ಗದ ಜಾಗದಲ್ಲಿ, ‘ನ’ ಮತ್ತು ‘ಮ’ದ ನಡುವೆ ಕೂತಿದೆ. ಉದ್ದನೆಯ ವಸ್ತುಗಳನ್ನು ಎಣಿಸುವಾಗ ಅವರು ‘ಇಪ್ಪೊನ್, ನಿಹೊನ್, ಸನ್ಬೊನ್’ ಅಂತಾರೆ. ಒಂದು, ಎರಡು, ಮೂರು ಪೆನ್ಸಿಲ್. ಮೂರರಲ್ಲೂ ಅಕ್ಷರ ಒಂದೇ, ‘ಹೊ’. ಮೊದಲನೆಯದಕ್ಕೆ ಸೊನ್ನೆ, ಎರಡನೆಯದು ಬೋಳು, ಮೂರನೆಯದಕ್ಕೆ ಎರಡು ಗೀಟು. ಈ ಮೂರು ಪದ ಬರೆದರೆ ಆ ಪಾಠ ಅಲ್ಲಿಗೆ ಮುಗಿಯಿತು.

ಒತ್ತಕ್ಷರವೂ ಇದೆ. ‘ತ್ಸು’ ಅಕ್ಷರವನ್ನು ಚಿಕ್ಕದಾಗಿ ಬರೆದರೆ ಮುಂದಿನ ಅಕ್ಷರ ಇಮ್ಮಡಿ. ‘ಕಿತೆ’ ಅಂದರೆ ಬಾ. ನಡುವೆ ಚಿಕ್ಕ ತ್ಸು ಹಾಕಿದರೆ ‘ಕಿತ್ತೆ’, ಅಂಚೆ ಚೀಟಿ. ಹೂ ಕಿತ್ತೆ ಅನ್ನುವ ನಮ್ಮ ಕಿತ್ತೆ ಹೇಗೋ ಹಾಗೇ ಹೇಳಬೇಕು. ನಮ್ಮಲ್ಲಿ ಒತ್ತು ಕಾಲಡಿ ಸೇರಿಕೊಳ್ಳುತ್ತದೆ, ಅವರಲ್ಲಿ ಅದಕ್ಕೂ ಸ್ವಂತ ಚೌಕ. ಅಡ್ಡ ಬರೆಯುವಾಗ ಚೌಕದ ಎಡಗಡೆ ಕೆಳಮೂಲೆಯಲ್ಲಿ, ಮೇಲಿನಿಂದ ಕೆಳಗೆ ಬರೆಯುವಾಗ ಬಲಗಡೆ ಮೇಲ್ಮೂಲೆಯಲ್ಲಿ. ಚಿಕ್ಕದು ದೊಡ್ಡದು ಅನ್ನುವುದನ್ನು ಹಗುರವಾಗಿ ತಗೋಬೇಡಿ. ‘ಬ್ಯೋಇನ್’ ಆಸ್ಪತ್ರೆ. ಅದರಲ್ಲಿರುವ ಚಿಕ್ಕ ‘ಯೊ’ ದೊಡ್ಡದಾದರೆ ‘ಬಿಯೋಇನ್’, ಬ್ಯೂಟಿ ಪಾರ್ಲರ್. ಕೊನೆಯ ‘ನ್’ ನಮ್ಮ ಅನುಸ್ವಾರದ ಸೊನ್ನೆಯೇ. ನಾವು ಅಂಗಡಿ, ಅಂದ, ಅಂಬು ಅನ್ನುವಾಗ ಸೊನ್ನೆಯ ಉಚ್ಚಾರಣೆ ಹೇಗೆ ತಾನಾಗಿ ಬದಲಾಗುತ್ತದೋ ಅದೂ ಹಾಗೇ ಬದಲಾಗುತ್ತದೆ.

ಕತಕನಕ್ಕೆ ಬರೋಣ. ಭಿಕ್ಷುಗಳು ಚೀನೀ ಗ್ರಂಥ ಓದುವಾಗ ಪಕ್ಕದಲ್ಲಿ ಗುರುತು ಹಾಕಿಕೊಳ್ಳಲು ಕಂಜಿಯ ಒಂದು ತುಂಡನ್ನಷ್ಟೇ ಬರೆಯುತ್ತಿದ್ದರು, ಅದೇ ಕತಕನ ಆಯಿತು. ನೆಟ್ಟಗೆ, ಚೂಪಾಗಿ ಇರುತ್ತದೆ. ಇಲ್ಲಿ ನನ್ನ ಮಾನ ಹೋದ ಕಥೆ ಒಂದಿದೆ. ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಜಪಾನಿನಿಂದ ಕೆಲವರು ಬರುವವರಿದ್ದರು. ಕಪಾಟುಗಳಿಗೆ ಜಪಾನಿಯಲ್ಲಿ ಚೀಟಿ ಅಂಟಿಸುತ್ತೇನೆ ಅಂತ ನಾನೇ ಮುಂದೆ ಹೋದೆ. ಸೀಟ್ ಅನ್ನುವುದಕ್ಕೆ ಅವರು ‘ಶೀತೊ’ ಅಂತಾರೆ. ನಲವತ್ತು ಚೀಟಿ ಬರೆದು ಅಂಟಿಸಿದೆ. ಬಂದವರಲ್ಲಿ ಒಬ್ಬರು ಮೊದಲ ಕಪಾಟಿನ ಮುಂದೆ ನಿಂತು, ಬಹಳ ಗಂಭೀರವಾಗಿ ‘ತ್ಸೂತೊ’ ಅಂತ ಓದಿದರು. ಎರಡನೆಯದನ್ನೂ ಓದಿದರು, ‘ತ್ಸೂತೊ’. ಮೂರನೆಯದಕ್ಕೆ ಬಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. ನಲವತ್ತರಲ್ಲೂ ‘ಶಿ’ ಬದಲು ‘ತ್ಸು’ ಬರೆದಿದ್ದೆ.

ಎರಡರಲ್ಲೂ ಎರಡು ಗಿಡ್ಡ ಗೆರೆ, ಒಂದು ಉದ್ದ ಗೆರೆ. ವ್ಯತ್ಯಾಸ ಇರುವುದು ದಿಕ್ಕಿನಲ್ಲಿ. ‘ಶಿ’ಯ ಗಿಡ್ಡ ಗೆರೆಗಳು ಎಡಗೋಡೆಗೆ ಒಂದರ ಕೆಳಗೊಂದು ಒರಗಿಕೊಂಡಿರುತ್ತವೆ, ಉದ್ದ ಗೆರೆ ಕೆಳಗಿನಿಂದ ಮೇಲಕ್ಕೆ ಹಾರುತ್ತದೆ. ‘ತ್ಸು’ವಿನ ಗಿಡ್ಡ ಗೆರೆಗಳು ಚಾವಣಿಯಿಂದ ಪಕ್ಕಪಕ್ಕ ನೇತಾಡುತ್ತವೆ, ಉದ್ದ ಗೆರೆ ಮೇಲಿನಿಂದ ಕೆಳಕ್ಕೆ ಜಾರುತ್ತದೆ. ‘ನ್’ ಮತ್ತು ‘ಸೊ’ ಕೂಡ ಹಾಗೇ, ಗಿಡ್ಡ ಗೆರೆ ಎರಡರ ಬದಲು ಒಂದು. ‘ನ್’ ಗೋಡೆಯ ಕಡೆಯದು, ‘ಸೊ’ ಚಾವಣಿಯ ಕಡೆಯದು. ಅಭ್ಯಾಸಕ್ಕೆ ಪದ ಬೇಕಾ? ಶರ್ಟಿಗೆ ಅವರು ‘ಶತ್ಸು’ ಅಂತಾರೆ, ಬರೆಯುವಾಗ ಶಿ, ಚಿಕ್ಕ ಯ, ತ್ಸು. ಮ್ಯಾರಥಾನ್‌ಗೆ ‘ಮರಸೊನ್’, ಕೊನೆಯಲ್ಲಿ ಸೊ ಮತ್ತು ನ್ ಪಕ್ಕಪಕ್ಕ. ಆ ನಲವತ್ತು ಚೀಟಿ ಕಿತ್ತ ರಾತ್ರಿ ನಾನು ಬರೆದದ್ದು ಇವೆರಡನ್ನೇ.

ಗೆರೆಗಳನ್ನು ಎಣಿಸುವ ಅಭ್ಯಾಸವೂ ಇಟ್ಟುಕೊಳ್ಳಿ. ಬಿಡದಿಯ ಕಡೆ ಹೋದರೆ ಟೊಯೊಟ ಕಾರ್ಖಾನೆ ಕಾಣುತ್ತದಲ್ಲ, ಆ ಮನೆತನದ ಹೆಸರು ನಿಜಕ್ಕೂ ‘ತೊಯೊದ’. 1936ರಲ್ಲಿ ಕಾರುಗಳಿಗೆ ‘ತೊಯೊತ’ ಅಂತ ಮಾಡಿಕೊಂಡರು. ಕಾರಣಗಳಲ್ಲಿ ಒಂದು ಕತಕನದ ಲೆಕ್ಕ. ತೊ ಎರಡು ಗೆರೆ, ಯೊ ಮೂರು, ತ ಮೂರು, ಒಟ್ಟು ಎಂಟು. ‘ದ’ ಮಾಡಲು ಎರಡು ಗೀಟು ಹಾಕಿದರೆ ಹತ್ತು. ಅವರಿಗೆ ಎಂಟು ಶುಭ. ನಮ್ಮಲ್ಲಿ ಹೆಸರಿಗೆ ಒಂದು ಅಕ್ಷರ ಜಾಸ್ತಿ ಸೇರಿಸಿಕೊಳ್ಳುವವರಿದ್ದಾರೆ, ಅವರು ಎರಡು ಗೀಟು ತೆಗೆದರು.

ನಿಮ್ಮ ಹೆಸರುಗಳನ್ನು ಕತಕನದಲ್ಲಿ ಬರೆದುಕೊಡಲು ಕೇಳಿದ್ದಿರಿ. ಬರೆಯೋಣ, ಆದರೆ ಬೇಜಾರು ಮಾಡಿಕೊಳ್ಳಬಾರದು. ಅವರಲ್ಲಿ ಲ, ಳ ಇಲ್ಲ, ಎರಡೂ ರ. ಟ, ಡ, ಣ ಇಲ್ಲ. ಕಮಲಾ ‘ಕಮರ’ ಆಗ್ತಾರೆ. ಗೌಡರು ‘ಗಉದ’. ಭಟ್ಟರು ‘ಬತ್ತೊ’, ಜಪಾನಿನಲ್ಲಿ ಬ್ಯಾಟಿಗೂ ಅದೇ ಪದ, ಹಾಗಾಗಿ ಭಟ್ಟರು ಬ್ಯಾಟು. ಅಕ್ಷರ ಸ್ವರದಲ್ಲೇ ಮುಗಿಯಬೇಕು, ‘ನ್’ ಒಂದಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಅರ್ಕಾವೊತ್ತು ಬಿಡಿಸಿಕೊಂಡು ಪೂರ್ತಿ ‘ರು’ ಆಗುತ್ತದೆ. ಕರ್ನಾಟಕವನ್ನು ಅವರು ಬರೆಯುವುದು ಹೇಗೆ ಗೊತ್ತಾ? ಕ, ರು, ನ, ಒಂದು ಅಡ್ಡ ಗೆರೆ ದೀರ್ಘಕ್ಕೆ, ತ, ಕ. ‘ಕರುನಾತಕ.’ ಗೊತ್ತಿಲ್ಲದೆಯೇ ಕರುನಾಡು ಅಂದುಬಿಡ್ತಾರೆ.

ಹೆಸರು ಬರೆಯಲು ಕಲಿಯುವುದು ಸುಮ್ನೆ ಶೋಕಿಗಲ್ಲ. ಅಲ್ಲಿಗೆ ಹೋದ ಮೇಲೆ ವಾರ್ಡ್ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ತುಂಬುವ ಫಾರಂಗಳಲ್ಲಿ ಹೆಸರಿನ ಮೇಲೆ ಒಂದು ಚಿಕ್ಕ ಖಾನೆ ಇರುತ್ತದೆ, ‘ಫುರಿಗನ’ ಅಂತ, ಉಚ್ಚಾರಣೆ ಬರೆಯಲು. ಹಿರಗನದಲ್ಲಿ ಬರೆಯಬೇಕೋ ಕತಕನದಲ್ಲೋ ಅಂತ ಬೇರೆ ಸೂಚನೆ ಇರುವುದಿಲ್ಲ. ‘ಫುರಿಗನ’ ಅನ್ನುವ ಪದವನ್ನು ಯಾವ ಲಿಪಿಯಲ್ಲಿ ಅಚ್ಚು ಮಾಡಿದ್ದಾರೋ ಅದರಲ್ಲೇ ನೀವೂ ತುಂಬಬೇಕು. ಮೊದಲ ಸಲ ಇದು ಗೊತ್ತಾದಾಗ ನಾನು ಕೌಂಟರಿನ ಮುಂದೆಯೇ ನಕ್ಕುಬಿಟ್ಟೆ.

ಸರಿ, ಎಲ್ಲರ ಕೈಯಲ್ಲೂ ಒಂದೊಂದು ಚೌಕದ ಹಾಳೆ ಇದೆ. ಇಷ್ಟು ಹೊತ್ತು ಬೋರ್ಡ್ ನೋಡಿಕೊಂಡು ನೀವು ಏನೇನು ಬರೆದುಕೊಂಡಿದ್ದೀರೋ ಅದನ್ನು ತಿರುವಿ ಹಾಕಿ. ಹಿಂಬದಿ ಖಾಲಿ ಇದೆ. ನಾನು ಈಗ ಬೋರ್ಡ್ ಒರೆಸುತ್ತಿದ್ದೇನೆ. ಪಕ್ಕದವರದ್ದು ನೋಡುವ ಹಾಗಿಲ್ಲ, ಸಾರ್, ನಿಮಗೇ ಹೇಳ್ತಿರೋದು. ಐದು ಪದ ಹೇಳುತ್ತೇನೆ. ಬರದಿದ್ದರೆ ಖಾಲಿ ಬಿಡಿ, ಆದರೆ ಅರ್ಧ ನಿಮಿಷ ಒದ್ದಾಡಿ ಆಮೇಲೆ ಬಿಡಿ. ಪೆನ್ಸಿಲ್ ಹಿಡಿದಿರಾ? ಮೊದಲನೆಯದು, ಹೊಕ್ಕುಳು.